ಗರ್ಭಿಣಿಯರನ್ನು ಔಷಧ ಪ್ರಯೋಗಕ್ಕೆ ಸೇರಿಸಬಹುದಾ? ಬೇಡ ಅಂದರೆ ಆ ಅಪಾಯ ಯಾರ ಪಾಲಿಗೆ ಹೋಗುತ್ತದೆ?

ಸಂಜೆಮಲ್ಲಿಗೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಔಷಧ ಪ್ರಯೋಗದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಈ ಪ್ರಶ್ನೆ ಹಾಕುತ್ತೇನೆ. ಇಡೀ ತರಗತಿ ಒಂದೇ ದನಿಯಲ್ಲಿ "ಬೇಡವೇ ಬೇಡ ಮೇಡಂ" ಅನ್ನುತ್ತದೆ. ಯಾಕೆ ಅಂದರೆ ಥಾಲಿಡೊಮೈಡ್ ಹೆಸರು ಹೇಳುತ್ತಾರೆ.

ಆ ಕಥೆಯನ್ನು ಸ್ವಲ್ಪ ಸರಿಯಾಗಿ ನೋಡೋಣ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ನಿದ್ದೆ ಮಾತ್ರೆ ಅದು. ಬಸುರಿಯರ ವಾಂತಿ, ಸಂಕಟಕ್ಕೂ ಕೊಟ್ಟರು. ಅಪಾಯವೇ ಇಲ್ಲದ ಔಷಧ ಅಂತ ಜಾಹೀರಾತು. 1961ರ ನವೆಂಬರ್‌ನಲ್ಲಿ ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದರು. ಒಟ್ಟು ಹತ್ತು ಸಾವಿರಕ್ಕೂ ಜಾಸ್ತಿ. ಈ ಔಷಧ ಬಸುರಿಯರಿಗೆ ಆಗುತ್ತದಾ ಅಂತ ಯಾರೂ ಕ್ರಮವಾಗಿ ಪರೀಕ್ಷೆ ಮಾಡಿರಲಿಲ್ಲ. ನೇರವಾಗಿ ಅಂಗಡಿಗೆ ಬಿಟ್ಟರು. ಮಕ್ಕಳನ್ನು ಒಂದೆಡೆ ಎಣಿಸುವವರು ಇರಲಿಲ್ಲ, ಹಾಗಾಗಿ ಗೊತ್ತಾಗುವುದಕ್ಕೆ ನಾಲ್ಕು ವರ್ಷ ಹಿಡಿಯಿತು.

ಇದರಿಂದ ಜಗತ್ತು ಕಲಿತ ಪಾಠ ಮಾತ್ರ ಬೇರೆ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನೇ ಆರಂಭದ ಹಂತದ ಪ್ರಯೋಗಗಳಿಂದ ಹೊರಗಿಡಿ ಅಂದಿತು. ಅದನ್ನು ತಿದ್ದಿಕೊಂಡದ್ದು 1993ರಲ್ಲಿ. ಗರ್ಭಿಣಿಯರು ಮಾತ್ರ ಇವತ್ತಿಗೂ ಬಹುಪಾಲು ಹೊರಗೇ ಇದ್ದಾರೆ.

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ ಏನು ಹೇಳುತ್ತದೆ ಗೊತ್ತಾ? ಔಷಧ ಗರ್ಭಿಣಿಯರಿಗೋ, ಹಾಲೂಡಿಸುವ ತಾಯಂದಿರಿಗೋ, ಹೊಟ್ಟೆಯ ಅಥವಾ ಹಾಲು ಕುಡಿಯುವ ಕೂಸಿಗೋ ಅಂತಲೇ ಇರಬೇಕು. ಬೇರೆಯವರಿಂದ ಸಿಕ್ಕ ಮಾಹಿತಿ ಸಾಲದೆ ಇರಬೇಕು. ಆಗ ಮಾತ್ರ ಸೇರಿಸಿ ಅನ್ನುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಸುರಿಗೆ ಬರೀ ಬಸಿರಿನ ಕಾಯಿಲೆ ಬರುವುದಿಲ್ಲವಲ್ಲ. ಟಿಬಿ ಬರುತ್ತದೆ, ಮಲೇರಿಯಾ ಬರುತ್ತದೆ, ಮೊದಲಿನಿಂದ ಇದ್ದ ಫಿಟ್ಸ್, ಬಿಪಿ, ಖಿನ್ನತೆ ಒಂಬತ್ತು ತಿಂಗಳು ರಜೆ ಹಾಕುವುದಿಲ್ಲ. ಆ ಔಷಧಗಳನ್ನು ಕಂಪನಿಗಳು "ಗರ್ಭಿಣಿಯರಿಗೆ ಅಂತ" ಮಾಡಿರುವುದಿಲ್ಲ. ಹಾಗಾಗಿ ಪರೀಕ್ಷೆಯೂ ಆಗುವುದಿಲ್ಲ. ಕೊನೆಗೆ ಡಾಕ್ಟರು ಅಂದಾಜಿನ ಮೇಲೆ ಬರೆದುಕೊಡುತ್ತಾರೆ, ಇವಳು ದೇವರ ಮೇಲೆ ಭಾರ ಹಾಕಿ ನುಂಗುತ್ತಾಳೆ.

ಕೋವಿಡ್‌ನಲ್ಲಿ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲ. 2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾದಾಗ, ಮಾಹಿತಿ ಇಲ್ಲ ಅಂತ ಅವರಿಗೆ ಕೊಡಲಿಲ್ಲ. ಒಪ್ಪಿಗೆ ಸಿಕ್ಕಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಲೆಹಾಕಿದ ದಾಖಲೆಯಲ್ಲಿ, ಸೋಂಕು ತಗುಲಿದ ಗರ್ಭಿಣಿಯರು ಮತ್ತು ಬಾಣಂತಿಯರಲ್ಲಿ ಸತ್ತವರ ಪ್ರಮಾಣ ಮೊದಲ ಅಲೆಯಲ್ಲಿ ಶೇ. 0.7, ಎರಡನೆಯದರಲ್ಲಿ ಶೇ. 5.7. ಲಸಿಕೆ ಮೊದಲೇ ಸಿಕ್ಕಿದ್ದರೆ ಇಷ್ಟು ಜನ ಉಳಿಯುತ್ತಿದ್ದರು ಅಂತ ಲೆಕ್ಕ ಕೊಡಲು ನನ್ನಿಂದಾಗದು. ಆದರೆ "ಮಾಹಿತಿ ಇಲ್ಲ" ಅನ್ನುವ ಸ್ಥಿತಿ ತಾನಾಗಿ ಬಂದದ್ದಲ್ಲ. ಸೇರಿಸುವುದು ಬೇಡ ಅಂತ ತೀರ್ಮಾನ ಮಾಡಿದ್ದರಿಂದ ಬಂತು.

ನಿಮಗೇನನ್ನಿಸುತ್ತದೆ? ಒಪ್ಪದವರೂ ದಯವಿಟ್ಟು ಬರೆಯಿರಿ.


ಬೆಳವಲ ಬರೆದದ್ದು:

ಮೇಡಂ, ನೀವು ಹೇಳುವುದು ಬುದ್ಧಿಗೆ ಸರಿ ಅನ್ನಿಸುತ್ತದೆ. ಆದರೆ ನನ್ನ ಹೆಂಡತಿಗೆ ಈಗ ಆರು ತಿಂಗಳು. ಯಾರಾದರೂ ಬಂದು "ಹೊಸ ಔಷಧ, ಪ್ರಯೋಗಕ್ಕೆ ಸೇರಿಸುತ್ತೇವೆ" ಅಂದರೆ ನಾನು ಖಂಡಿತ ಬಿಡುವುದಿಲ್ಲ. ತಪ್ಪೋ ಸರಿಯೋ ಗೊತ್ತಿಲ್ಲ. ಮಗು ತನ್ನ ಒಪ್ಪಿಗೆ ಹೇಳಲಾರದಲ್ಲ. ಅದಕ್ಕೆ ಏನಾದರೂ ಆದರೆ ಜೀವನಪೂರ್ತಿ ನೋಡಿಕೊಳ್ಳುವವರು ನಾವೇ ತಾನೇ?


ಕಣಗಿಲೆ ಬರೆದದ್ದು:

ಬೆಳವಲ ಅವರೇ, ನಿಮ್ಮ ಭಯ ನನಗೂ ಇತ್ತು. ಆದರೆ ನನಗೆ "ಔಷಧವೇ ಬೇಡ" ಅನ್ನುವ ದಾರಿ ಇರಲಿಲ್ಲ. ನನಗೆ ಕಾಲೇಜು ದಿನಗಳಿಂದಲೂ ಫಿಟ್ಸ್ ಇದೆ.

ಮದುವೆಗೆ ಮುಂಚೆ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೆ. ಗರ್ಭಿಣಿಯರು ಅದನ್ನು ತೆಗೆದುಕೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಇರಬಹುದು. ನೂರಕ್ಕೆ ಮೂವತ್ತು ನಲವತ್ತು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು. ನನ್ನ ನರರೋಗ ಡಾಕ್ಟರು ಮೊದಲೇ ಲ್ಯಾಮೋಟ್ರಿಜಿನ್‌ಗೆ ಬದಲಿಸಿದರು. ಪುಣ್ಯ. ಆದರೆ ಬಸುರಿಯಾದ ಮೇಲೆ ಇನ್ನೊಂದು ಕಡೆ ತೋರಿಸಿದಾಗ ಅಲ್ಲಿನವರು "ಸುಮ್ನೆ ಯಾಕೆ ರಿಸ್ಕ್, ಎಲ್ಲ ಮಾತ್ರೆ ನಿಲ್ಲಿಸಿಬಿಡಿ" ಅಂದರು. ನಾನು ನಿಲ್ಲಿಸಲಿಲ್ಲ. ಆದರೂ ಐದನೇ ತಿಂಗಳಲ್ಲಿ ಅಡುಗೆಮನೆಯಲ್ಲಿ ಬಿದ್ದೆ. ಪಕ್ಕದಲ್ಲಿ ಅತ್ತೆ ಇದ್ದರು, ಒಲೆ ಹತ್ತಿರವೇ ಇತ್ತು.

ಕಾರಣ ಆಮೇಲೆ ತಿಳಿಯಿತು. ಬಸಿರಿನಲ್ಲಿ ದೇಹ ಲ್ಯಾಮೋಟ್ರಿಜಿನ್ ಅನ್ನು ತುಂಬ ಬೇಗ ಹೊರಹಾಕುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕೂ ಇಳಿಯಬಹುದು. ಮೊದಲಿನ ಡೋಸ್ ಸಾಲುವುದಿಲ್ಲ. ರಕ್ತ ಪರೀಕ್ಷೆ ಮಾಡಿ ಡೋಸ್ ಏರಿಸಿದ ಮೇಲೆ ಮತ್ತೆ ಬೀಳಲಿಲ್ಲ. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ.

ನಾನು ಹೇಳಬೇಕಾದದ್ದು ಇಷ್ಟೇ. ಈ ತಿಳಿವಳಿಕೆ ನನ್ನ ಹಾಗೆ ಮಾತ್ರೆ ನುಂಗುತ್ತಲೇ ಹೆತ್ತ ಹೆಂಗಸರ ದಾಖಲೆಗಳಿಂದ ಬಂದದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಫಿಟ್ಸ್ ಇರುವ ಗರ್ಭಿಣಿಯರ ನೋಂದಣಿ ನಡೆಸುತ್ತಾರೆ. ಯಾವ ಔಷಧ, ಎಷ್ಟು ಡೋಸ್, ಮಗು ಹೇಗಿದೆ, ಎಲ್ಲ ಬರೆದಿಡುತ್ತಾರೆ. ಅಂಥದ್ದು ಇರದಿದ್ದರೆ ನಾವೆಲ್ಲ ಲೆಕ್ಕಕ್ಕೇ ಸಿಗದ ಪ್ರಯೋಗವಾಗಿ ಹೋಗುತ್ತಿದ್ದೆವು.


ಹೊಂಗೆನೆರಳು ಬರೆದದ್ದು:

ನಾನು ಬೆಳಗಾವಿ ಜಿಲ್ಲೆಯಲ್ಲಿ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಆಗಿದ್ದವಳು, ಈಗ ನಿವೃತ್ತಿ. ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಪ್ರಯೋಗದ ವಿಷಯ ಹೇಳಬೇಕು. ನಾನು ಅದರೊಳಗೆ ಕೆಲಸ ಮಾಡಿದವಳಲ್ಲ, ಆದರೆ ಮಾಡಿದವರ ಜೊತೆ ಮೀಟಿಂಗುಗಳಲ್ಲಿ ಕೂತವಳು.

ಆಗ ಹಳ್ಳಿಯಲ್ಲಿ ಹೆರಿಗೆ ಅಂದರೆ ಮನೆ, ಇಲ್ಲವೇ ಉಪಕೇಂದ್ರ. ಹೆರಿಗೆ ಆದಮೇಲೆ ರಕ್ತ ನಿಲ್ಲದಿದ್ದರೆ ಮುಗಿಯಿತು. ಜೀಪು ಹುಡುಕಿ ತಾಲೂಕು ಮುಟ್ಟುವಷ್ಟರಲ್ಲಿ ಎಷ್ಟೋ ತಾಯಂದಿರು ಹೋಗಿಬಿಡುತ್ತಿದ್ದರು. ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು, ಆದರೆ ಅದನ್ನು ತಂಪಾಗಿ ಇಡಬೇಕು, ಚುಚ್ಚಲು ಕಲಿತವರು ಬೇಕು. ಕರೆಂಟೇ ಇಲ್ಲದ ಕಡೆ ಫ್ರಿಜ್ ಎಲ್ಲಿಂದ ತರುವುದು?

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಮತ್ತು ಅಮೆರಿಕದ ಸಂಶೋಧಕರು ಸೇರಿ ಮಿಸೊಪ್ರೊಸ್ಟಾಲ್ ಮಾತ್ರೆ ಪರೀಕ್ಷಿಸಿದರು. ಮಗು ಹುಟ್ಟಿದ ತಕ್ಷಣ ತಾಯಿಗೆ ನುಂಗಿಸುವುದು. 1,620 ಹೆಂಗಸರು. ಅರ್ಧದಷ್ಟು ಜನಕ್ಕೆ ಮಾತ್ರೆ, ಉಳಿದವರಿಗೆ ನೋಡಲು ಅದೇ ಥರದ, ಔಷಧ ಇಲ್ಲದ ಮಾತ್ರೆ. ಕೊಟ್ಟವರು ನಮ್ಮ ಎಎನ್‌ಎಂಗಳೇ. ಮಾತ್ರೆ ತೆಗೆದುಕೊಂಡವರಲ್ಲಿ ಅತಿ ರಕ್ತಸ್ರಾವ ಶೇ. 6.4, ಉಳಿದವರಲ್ಲಿ ಶೇ. 12. ಚಳಿ, ಜ್ವರ ಜಾಸ್ತಿ ಬಂತು, ಅದು ಹೋಗುವಂಥದ್ದು. 2006ರಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಅಂತಲೇ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ವಸ್ತುವಿನ ಬಗ್ಗೆ ಹೇಳದೆ ಇರಲಾರೆ. ಅದಕ್ಕೂ ಮುಂಚೆ ನಾವು ರಕ್ತ ಎಷ್ಟು ಹೋಯಿತು ಅಂತ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದೆವು. ನೆಲದ ಮೇಲೆ, ಹಳೆ ಸೀರೆಯಲ್ಲಿ, ಗೋಣಿಯಲ್ಲಿ ಇಂಗಿದ ರಕ್ತ. ಯಾರು ಅಳೆಯುತ್ತಾರೆ? ಈ ಪ್ರಯೋಗಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ತಾಯಿಯ ಸೊಂಟದ ಕೆಳಗೆ ಹಾಸುವುದು, ಎರಡು ದಾರದಿಂದ ಹೊಟ್ಟೆಗೆ ಕಟ್ಟುವುದು. ಕೆಳತುದಿ ಆಲಿಕೆಯ ಹಾಗೆ ಚೂಪಾಗಿ ಇಳಿದಿರುತ್ತದೆ, ಅದರ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಅಲ್ಲಿ ಬಂದು ನಿಲ್ಲುತ್ತದೆ, ಗೆರೆ ನೋಡಿ ಬರೆದುಕೊಳ್ಳುವುದು. ಹೋಲಿಸಿ ನೋಡಿದಾಗ ಕಣ್ಣಂದಾಜು ಶೇ. 33ರಷ್ಟು ಕಡಿಮೆ ಇತ್ತು! ಅಂದರೆ ಅಷ್ಟು ವರ್ಷ ನಾವು "ಪರವಾಗಿಲ್ಲ" ಅಂತ ಬರೆದ ಎಷ್ಟೋ ಹೆರಿಗೆಗಳಲ್ಲಿ ನಿಜಕ್ಕೂ ಅಪಾಯ ಇತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪ್ರಯೋಗ ನಡೆಯದೇ ಇದ್ದಿದ್ದರೆ ಆ ಹಾಳೆಯೂ ಬರುತ್ತಿರಲಿಲ್ಲ.


ತುಂಗಾತೀರ ಬರೆದದ್ದು:

ನಾನು ವಕೀಲ. ಔಷಧ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಒಂದು ಎಥಿಕ್ಸ್ ಕಮಿಟಿಯಲ್ಲಿ ಕಾನೂನು ಸದಸ್ಯನಾಗಿ ಕೂರುತ್ತೇನೆ. ಸಿಸ್ಟರ್ ಹೇಳಿದ್ದನ್ನು ಗೌರವದಿಂದ ಓದಿದೆ. ಆದರೆ ಅದೇ ಪ್ರಯೋಗದ ಬಗ್ಗೆ ಒಂದು ಕಠಿಣ ಪ್ರಶ್ನೆ ಇದೆ. ಔಷಧ ಇಲ್ಲದ ಮಾತ್ರೆ ಪಡೆದ ಎಂಟುನೂರು ಚಿಲ್ಲರೆ ತಾಯಂದಿರ ಕಥೆ ಏನು? ರಕ್ತಸ್ರಾವ ತಡೆಯುವ ಔಷಧ ಜಗತ್ತಿನಲ್ಲಿ ಇದೆ ಅಂತ ಗೊತ್ತಿದ್ದೂ ಅವರಿಗೆ ಖಾಲಿ ಮಾತ್ರೆ ಕೊಟ್ಟದ್ದು ನ್ಯಾಯವಾ? "ಹಳ್ಳಿಯಲ್ಲಿ ಹೇಗೂ ಏನೂ ಸಿಗುತ್ತಿರಲಿಲ್ಲ" ಅನ್ನುವುದು ಸಮರ್ಥನೆ. ಅಂದರೆ ಬಡವರಿಗೆ ಏನೂ ಸಿಗದಿರುವುದೇ ಪ್ರಯೋಗಕ್ಕೆ ಅನುಕೂಲ ಆಯಿತಲ್ಲ. 1997ರಲ್ಲಿ ಆಫ್ರಿಕಾ ಮತ್ತು ಥಾಯ್ಲೆಂಡಿನ ಎಚ್‌ಐವಿ ಪ್ರಯೋಗಗಳ ಬಗ್ಗೆ ಎದ್ದದ್ದೂ ಇದೇ ಗಲಾಟೆ. ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗುವುದನ್ನು ಎಜೆಡ್‌ಟಿ ಔಷಧ ಶೇ. 25.5ರಿಂದ 8.3ಕ್ಕೆ ಇಳಿಸುತ್ತದೆ ಅಂತ 1994ರಲ್ಲೇ ಸಾಬೀತಾಗಿತ್ತು. ಆದರೂ ಅಲ್ಲಿನ ಬಸುರಿಯರಿಗೆ ಖಾಲಿ ಮಾತ್ರೆ.

ಥಾಲಿಡೊಮೈಡ್ ಬಗ್ಗೆ ಮೇಡಂ ಹೇಳಿದ್ದಕ್ಕೂ ಒಂದು ಸೇರ್ಪಡೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗಲಿಲ್ಲ. ಎಫ್‌ಡಿಎಯ ಫ್ರಾನ್ಸಿಸ್ ಕೆಲ್ಸಿ ಪಟ್ಟು ಹಿಡಿದು ತಡೆದರು. ಆದರೆ ಕಂಪನಿ ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಡಾಕ್ಟರುಗಳಿಗೆ ಮಾತ್ರೆ ಹಂಚಿತ್ತು, ಸುಮಾರು ಇಪ್ಪತ್ತು ಸಾವಿರ ಜನ ತೆಗೆದುಕೊಂಡಿದ್ದರು, ಅವರಲ್ಲಿ ಬಸುರಿಯರೂ ಇದ್ದರು. ಅದಕ್ಕೂ "ಪ್ರಯೋಗ" ಅಂತಲೇ ಹೆಸರು. ತಾವು ಪ್ರಯೋಗದಲ್ಲಿದ್ದೇವೆ ಅಂತ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ರೋಗಿಯ ಒಪ್ಪಿಗೆ ಕಡ್ಡಾಯ ಅಂತ ಅಮೆರಿಕ ಕಾನೂನು ಮಾಡಿದ್ದು ಇದಾದ ಮೇಲೆ, 1962ರಲ್ಲಿ.

ನಮ್ಮಲ್ಲೂ ದೂರ ಹೋಗಬೇಕಿಲ್ಲ. ಖಮ್ಮಂ ಮತ್ತು ವಡೋದರಾ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯನ್ನು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಬೇಕಾಯಿತು. ಖಮ್ಮಂನಲ್ಲಿ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅಪ್ಪ ಅಮ್ಮನಿಗೆ ವಿಷಯವೇ ಗೊತ್ತಿಲ್ಲ. ಇದನ್ನು ನೋಡಿದ ಮೇಲೆ "ಬಸುರಿಯರನ್ನೂ ಸೇರಿಸಿ" ಅನ್ನುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ. ಸೇರಿಸಬಾರದು ಅಂತ ನಾನು ಹೇಳುತ್ತಿಲ್ಲ. ಯಾರನ್ನು, ಯಾವ ಷರತ್ತಿನ ಮೇಲೆ, ಅನ್ನುವುದು ಮೊದಲು ಇತ್ಯರ್ಥ ಆಗಲಿ.


ಸಂಜೆಮಲ್ಲಿಗೆ ಬರೆದದ್ದು:

ತುಂಗಾತೀರ ಸರ್, ಖಾಲಿ ಮಾತ್ರೆಯ ಪ್ರಶ್ನೆ ನ್ಯಾಯವಾದದ್ದೇ. ಬೆಳಗಾವಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ಎಎನ್‌ಎಂಗಳು ಮನೆಹೆರಿಗೆಯಲ್ಲಿ ಆಕ್ಸಿಟೋಸಿನ್ ಕೊಡುವ ಹಾಗೇ ಇರಲಿಲ್ಲ. ಆ ಮಾತ್ರೆ ಹಳ್ಳಿಯಲ್ಲಿ ಕೆಲಸ ಮಾಡುತ್ತದಾ ಅನ್ನುವುದೂ ಗೊತ್ತಿರಲಿಲ್ಲ. ಹೋಲಿಕೆ ಬೇಕಿತ್ತು. ಆದರೆ ಇವತ್ತು ಅದೇ ಪ್ರಯೋಗವನ್ನು ಖಾಲಿ ಮಾತ್ರೆ ಇಟ್ಟು ಮಾಡಿದರೆ ನಾನೇ ವಿರೋಧಿಸುತ್ತೇನೆ. 2018ರಲ್ಲಿ ಪ್ರಕಟವಾದ, ಬಿಸಿಗೆ ಕೆಡದ ಕಾರ್ಬೆಟೋಸಿನ್ ಅನ್ನುವ ರಕ್ತಸ್ರಾವ ತಡೆಯುವ ಔಷಧದ ಪ್ರಯೋಗ ನೋಡಿ. ಭಾರತವೂ ಸೇರಿ ಹತ್ತು ದೇಶ, ಸುಮಾರು ಮೂವತ್ತು ಸಾವಿರ ತಾಯಂದಿರು. ಅಲ್ಲಿ ಹೋಲಿಸಿದ್ದು ಆಕ್ಸಿಟೋಸಿನ್ ಜೊತೆಗೇ. ಯಾರೂ ಬರಿಗೈಯಲ್ಲಿ ಉಳಿಯಲಿಲ್ಲ.

ಪ್ರಯೋಗ ಅಂದರೆ ಹೊಸ ಔಷಧವನ್ನು ತಳ್ಳುವುದು ಅಂತ ಮಾತ್ರ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಬಳಕೆಯಲ್ಲಿರುವ ಔಷಧದ ಬಗ್ಗೆ ಎಚ್ಚರಿಸುತ್ತದೆ. ಎಚ್‌ಐವಿ ಇರುವ ಗರ್ಭಿಣಿಯರಿಗೆ ಟಿಬಿ ಬಾರದಂತೆ ಐಸೋನಿಯಾಜಿಡ್ ಕೊಡಿ ಅಂತ ವರ್ಷಗಟ್ಟಲೆ ಶಿಫಾರಸು ಇತ್ತು. ಗರ್ಭಿಣಿಯರಲ್ಲಿ ಪರೀಕ್ಷೆ ಮಾತ್ರ ಆಗಿರಲಿಲ್ಲ. ಕೊನೆಗೆ 956 ಹೆಂಗಸರಲ್ಲಿ ಪ್ರಯೋಗ ಮಾಡಿದರು, ಪುಣೆಯವರೂ ಇದ್ದರು. 2019ರಲ್ಲಿ ಫಲಿತಾಂಶ ಬಂತು. ಬಸಿರಿನಲ್ಲೇ ಶುರು ಮಾಡಿದವರಲ್ಲಿ ಮಗು ಸಾಯುವುದು, ತೂಕ ಕಡಿಮೆ, ಅವಧಿಗೆ ಮುಂಚೆ ಹುಟ್ಟುವುದು, ಅಂಗದೋಷ ಎಲ್ಲ ಸೇರಿ ಶೇ. 23.6. ಹೆರಿಗೆ ಆದಮೇಲೆ ಶುರು ಮಾಡಿದವರಲ್ಲಿ ಶೇ. 17. ಅಷ್ಟು ವರ್ಷ "ಸುರಕ್ಷಿತ" ಅಂತ ನುಂಗಿಸಿದ ಔಷಧ!


ಮಡಿಕೇರಿ ಮಂಜು ಬರೆದದ್ದು:

ನಾನು ಎಚ್‌ಐವಿ ಆಪ್ತಸಮಾಲೋಚಕಿ. ಡೊಲುಟೆಗ್ರಾವಿರ್ ಕಥೆಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ಹೆಂಗಸರೇ ಎದ್ದು ಮಾತಾಡಿದರು.

ಎಚ್‌ಐವಿಗೆ ಒಳ್ಳೆಯ ಔಷಧ. ಅಮೆರಿಕದಲ್ಲಿ 2013ರಲ್ಲೇ ಅನುಮತಿ ಸಿಕ್ಕಿತ್ತು. ಅನುಮತಿಗೆ ಮುಂಚಿನ ಪ್ರಯೋಗಗಳಲ್ಲಿ ಗರ್ಭಿಣಿಯರಿಲ್ಲ. ಐದು ವರ್ಷದ ಮೇಲೆ, 2018ರ ಮೇ ತಿಂಗಳಲ್ಲಿ, ಬೋಟ್ಸ್ವಾನಾದಿಂದ ಸುದ್ದಿ ಬಂತು. ಗರ್ಭ ನಿಲ್ಲುವಾಗಲೇ ಈ ಔಷಧದಲ್ಲಿದ್ದ 426 ತಾಯಂದಿರ ಮಕ್ಕಳಲ್ಲಿ ನಾಲ್ವರಿಗೆ ಬೆನ್ನುಹುರಿ, ಮೆದುಳಿನ ದೋಷ. ಎಲ್ಲ ಕಡೆ ಗಾಬರಿ. ಹಲವು ದೇಶಗಳು ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಔಷಧವನ್ನೇ ತಡೆದವು. ಗಂಡಸರಿಗೆ ಒಳ್ಳೆಯ ಮಾತ್ರೆ, ಹೆಂಗಸರಿಗೆ ಹಳೆಯದು. ಆ ವರ್ಷ ಜುಲೈನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಎಚ್‌ಐವಿ ಇರುವ ಆಫ್ರಿಕಾದ ಹೆಂಗಸರು ಸಭೆ ಸೇರಿ, ಅಪಾಯ ಏನು ಅಂತ ನಮಗೆ ಹೇಳಿ, ಆಯ್ಕೆ ನಾವು ಮಾಡಿಕೊಳ್ಳುತ್ತೇವೆ ಅಂತ ಪಟ್ಟು ಹಿಡಿದರು.

ಬೋಟ್ಸ್ವಾನಾದವರು ಎಣಿಸುವುದನ್ನು ನಿಲ್ಲಿಸಲಿಲ್ಲ. 2019ರ ಹೊತ್ತಿಗೆ ಲೆಕ್ಕ 1,683ರಲ್ಲಿ ಐದು. ಪ್ರಮಾಣ ಶೇ. 0.94ರಿಂದ 0.30ಕ್ಕೆ ಇಳಿಯಿತು, ಆಮೇಲೆ ಇನ್ನೂ ಕಡಿಮೆಯಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೂ ಇದನ್ನೇ ಮೊದಲ ಔಷಧ ಅಂದಿತು. ಮೊದಲೇ ಜೋಪಾನವಾಗಿ ಅಧ್ಯಯನ ಮಾಡಿದ್ದರೆ ಆ ಒಂದು ವರ್ಷದ ಗಾಬರಿ ತಪ್ಪುತ್ತಿತ್ತು. ನನ್ನ ಮುಂದೆ ಕೂತ ಹೆಣ್ಣುಮಕ್ಕಳು ಲೆಕ್ಕ ಗೊತ್ತಾಗದಷ್ಟು ದಡ್ಡಿಯರಲ್ಲ. ಹೇಳುವವರು ಬೇಕು ಅಷ್ಟೇ.


ಬೆಳವಲ ಬರೆದದ್ದು:

ಎಲ್ಲ ಓದಿದೆ, ಹೆಂಡತಿಗೂ ಓದಿ ಹೇಳಿದೆ. "ಬಿಡಲ್ಲ ಅಂತ ನೀವು ಬರೆದಿದ್ದೀರಿ, ನನ್ನನ್ನು ಕೇಳಿದ್ರಾ?" ಅಂದಳು. ಅವಳ ಮಾತು ಸರಿಯಾಗಿದೆ. ಹಾಗಾದರೆ ಸಹಿ ಯಾರದ್ದು? ಗಂಡ ಒಪ್ಪಲೇಬೇಕಾ?


ಹೊಂಗೆನೆರಳು ಬರೆದದ್ದು:

ತಮ್ಮಾ, ಒಪ್ಪಿಗೆ ಅವಳದೇ ಇರಬೇಕು. ಆದರೆ ಹಳ್ಳಿಯಲ್ಲಿ ಹೇಗೆ ನಡೆಯುತ್ತದೆ ಅಂತ ನನ್ನ ಅನುಭವ ಹೇಳುತ್ತೇನೆ. ಮೊದಲ ಹೆರಿಗೆಗೆ ಹುಡುಗಿ ತವರುಮನೆಗೆ ಬಂದಿರುತ್ತಾಳೆ. ತಾಯಿ ಕಾರ್ಡು ಗಂಡನ ಊರಿನದ್ದು. ನಾವು ವಿಷಯ ಹೇಳುತ್ತಿದ್ದರೆ ಉತ್ತರ ಕೊಡುವುದು ಅವಳ ಅವ್ವ, ಫೋನಿನಲ್ಲಿ ಗಂಡ, ಅವನ ಹಿಂದೆ ಅತ್ತೆ. ಹುಡುಗಿ ನೆಲ ನೋಡುತ್ತಾ ಕೂತಿರುತ್ತಾಳೆ. ಕೊನೆಗೆ ನನ್ನ ಮುಖ ನೋಡಿ "ನೀವು ಹೇಳಿದಂಗ ಆಗಲಿ ಸಿಸ್ಟರ್" ಅನ್ನುತ್ತಾಳೆ. ಅದು ಒಪ್ಪಿಗೆಯಾ? ನನಗಂತೂ ಅಲ್ಲ. ಹೆರಿಗೆಗೆ ಮತ್ತೆ ನನ್ನ ಹತ್ತಿರವೇ ಬರಬೇಕಲ್ಲ, ಬೇಡ ಅಂದರೆ ನಾನು ಬೇಸರ ಮಾಡಿಕೊಳ್ಳುತ್ತೇನೆ ಅನ್ನುವ ಅಳುಕು ಅವಳಿಗೆ.

ಅದಕ್ಕೇ ನನ್ನ ಅಭಿಪ್ರಾಯ: ಹೆರಿಗೆ ಮಾಡಿಸುವವರೇ ಒಪ್ಪಿಗೆ ಕೇಳಬಾರದು. ಬೇರೆಯವರು ಕೇಳಲಿ. ನೋವು ಶುರುವಾದ ಮೇಲೆ ಕೇಳುವುದಂತೂ ಬೇಡವೇ ಬೇಡ. ಏಳನೇ ತಿಂಗಳ ಚೆಕಪ್ಪಿನಲ್ಲಿ ಹೇಳಿ, ಮನೆಗೆ ಹೋಗಿ ಯೋಚಿಸಲು ಬಿಡಿ. ಮುಂದಿನ ಭೇಟಿಯಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿ.


ತುಂಗಾತೀರ ಬರೆದದ್ದು:

ಸಿಸ್ಟರ್ ಹೇಳಿದ್ದನ್ನು ಬರೆದಿಟ್ಟುಕೊಂಡೆ. ಹೆರಿಗೆ ಮಾಡಿಸುವವರೇ ಒಪ್ಪಿಗೆ ಕೇಳಬಾರದು ಅನ್ನುವುದನ್ನು ನಮ್ಮ ಕಮಿಟಿಯ ಮುಂದೆ ಇಡುತ್ತೇನೆ.

ಬೆಳವಲ ಅವರು ಮೊದಲ ದಿನ ಕೇಳಿದ ಪ್ರಶ್ನೆಗೆ, ಮಗುವಿಗೆ ಏನಾದರೂ ಆದರೆ ಯಾರು ಅನ್ನುವುದಕ್ಕೆ, ಕಾನೂನಿನಲ್ಲಿ ಉತ್ತರ ಇದೆ. 2019ರ ನಿಯಮದ ಪ್ರಕಾರ, ತಂದೆ ಅಥವಾ ತಾಯಿ ಪ್ರಯೋಗದಲ್ಲಿ ಇದ್ದ ಕಾರಣಕ್ಕೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆದರೆ ಅದೂ ಪ್ರಯೋಗದಿಂದ ಆದ ಹಾನಿಯೇ. ಹುಟ್ಟು ದೋಷಕ್ಕೆ ಪರಿಹಾರ ಲೆಕ್ಕ ಹಾಕುವ ಬೇರೆ ಸೂತ್ರವೇ ಇದೆ. ಸಿಗಬೇಕಿದ್ದ ಚಿಕಿತ್ಸೆ ಲಭ್ಯವಿದ್ದೂ ಕೊಡದೆ ಖಾಲಿ ಮಾತ್ರೆ ಕೊಟ್ಟು ತೊಂದರೆಯಾದರೂ ಪರಿಹಾರ ಕೊಡಬೇಕು. ತಾಯಿ, ಭ್ರೂಣ, ಮಗು, ಮೂವರ ಮೇಲೂ ಆ ಔಷಧಕ್ಕೆ ತಕ್ಕಷ್ಟು ಕಾಲ ನಿಗಾ ಇಡಬೇಕು ಅಂತಲೂ ಇದೆ.

ನನ್ನ ಕಾಳಜಿ ಈ ಕೊನೆಯ ಅಂಶದ ಬಗ್ಗೆ. "ತಕ್ಕಷ್ಟು ಕಾಲ" ಅಂದರೆ ಎಷ್ಟು? ಹುಟ್ಟಿದ ದಿನ ಮಗು ನೆಟ್ಟಗಿದೆ ಅಂತ ಫೈಲು ಮುಚ್ಚಿಬಿಟ್ಟರೆ, ಕಣಗಿಲೆ ಅವರು ಹೇಳಿದ ವಾಲ್ಪ್ರೊಯೇಟ್ ಥರದ ತೊಂದರೆ ಸಿಗುವುದೇ ಇಲ್ಲ. ಅದು ಮಗು ಮಾತು ಕಲಿಯುವ ವಯಸ್ಸಿನಲ್ಲಿ, ಶಾಲೆಯಲ್ಲಿ ಗೊತ್ತಾಗುವಂಥದ್ದು. ಡಿಇಎಸ್ ಅನ್ನುವ ಹಾರ್ಮೋನ್ ಮಾತ್ರೆಯ ವಿಷಯದಲ್ಲಂತೂ ತಾಯಿ ನುಂಗಿದ್ದಕ್ಕೆ ಮಗಳಿಗೆ ಹರೆಯದಲ್ಲಿ ಕ್ಯಾನ್ಸರ್ ಬಂದದ್ದು 1971ರಲ್ಲಿ ಗೊತ್ತಾಯಿತು. ಇನ್ನು ಹುಡುಗಿ ಹೆರಿಗೆ ಮುಗಿಸಿ ತವರಿನಿಂದ ಗಂಡನ ಊರಿಗೆ ಹೋದಳು ಅನ್ನಿ. ಫೋನ್ ನಂಬರ್ ಬದಲಾಗಿರುತ್ತದೆ. ಪ್ರಯೋಗದ ಹಣವೂ ಮುಗಿದಿರುತ್ತದೆ. ಅವಳ ಮಗುವನ್ನು ಹುಡುಕಿಕೊಂಡು ಹೋಗುವವರು ಯಾರು, ಅವರ ಸಂಬಳ ಯಾರ ಲೆಕ್ಕದಲ್ಲಿ?

ಮುಂದಿನ ಸಭೆಗೆ ಗರ್ಭಿಣಿಯರ ಒಂದು ಪ್ರಯೋಗದ ಫೈಲು ಬರುವುದಿದೆ. ಸೇರಿಸಿ ಅಂತಲೇ ಮತ ಹಾಕುವ ಮನಸ್ಸಿದೆ. ಆದರೆ ಮಗುವಿಗೆ ಕನಿಷ್ಠ ಎರಡು ವರ್ಷ ಆಗುವವರೆಗಿನ ನಿಗಾದ ಹಣವನ್ನು ಮೊದಲೇ ತೆಗೆದಿಟ್ಟಿದ್ದಾರಾ ಅಂತ ಬಜೆಟ್ ಹಾಳೆ ಕೇಳುತ್ತೇನೆ. ಕಣಗಿಲೆ ಅವರೇ, ಸಂಜೆಮಲ್ಲಿಗೆ ಮೇಡಂ, ಎರಡು ವರ್ಷ ಸಾಕಾ? ಯಾವ ಔಷಧಕ್ಕೆ ಎಷ್ಟು ಅಂತ ನಿಮಗೆ ಗೊತ್ತಿರುವುದನ್ನು ಬರೆದು ತಿಳಿಸಿ, ಸಭೆಗೆ ತೆಗೆದುಕೊಂಡು ಹೋಗುತ್ತೇನೆ.